ತಪ್ಪಲವ್ವನ ಏಳು ಹೆಜ್ಜೆ

ಬಾಷಾಬಿ ಇವತ್ತು ಬರುವುದಿಲ್ಲ ಎಂದು ಸಿದ್ಧಾರೂಢ ಬೆಳಗಿನಿಂದ ತನಗೆ ತಾನೇ ನಾಲ್ಕು ಸಲ ಹೇಳಿಕೊಂಡಿದ್ದ. ಎಪ್ಪತ್ತೊಂದು ವರ್ಷದ ಹೆಂಗಸು, ಬಿದ್ದು ಬಲಗೈ ಮುರಿದುಕೊಂಡು ಇನ್ನೂ ಒಂದೇ ತಿಂಗಳು, ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರು. ಬಿದ್ದ ಜಾಗಕ್ಕೇ ಮತ್ತೆ ನಡೆದುಕೊಂಡು ಬರುವ ಹುಚ್ಚು ಯಾರಿಗಿರುತ್ತದೆ? ಆದರೆ ಮತ್ತಿಕೊಪ್ಪದ ದೇಸಾಯರ ತೋಟದ ಹೆಬ್ಬಾಗಿಲಿನಲ್ಲಿ, ಸೊಂಡಿಲು ಮುರಿದ ಎರಡು ಕಲ್ಲಾನೆಗಳ ನಡುವೆ ನಿಂತು ಅವನು ನಡಿಗೆಗೆ ಬಂದವರ ತಲೆ ಎಣಿಸುತ್ತಿದ್ದಾಗ ಕಲಘಟಗಿ ಕಡೆಯಿಂದ ಒಂದು ಆಟೋ ಬಂತು. ಮೊದಲು ಪ್ಲಾಸ್ಟರಿನ ಕೈ ಹೊರಗೆ ಬಂತು, ಆಮೇಲೆ ಬಿಳಿ ಕ್ಯಾನ್ವಾಸ್ ಬೂಟು, ಆಮೇಲೆ ಬಾಷಾಬಿ. ಇವತ್ತು ಹೇಳಲೇಬೇಕು. ತಪ್ಪಲವ್ವನ ಕಲ್ಲು ಮುಟ್ಟುವುದರೊಳಗೆ, ಈ ಹೆಂಗಸು ಮತ್ತೆ ಹಿಂದಕ್ಕೆ ಹೆಜ್ಜೆ ಇಡುವುದರೊಳಗೆ, ಬಾಯಿಬಿಟ್ಟು ಹೇಳಲೇಬೇಕು. ಹೇಳಿದರೆ ಹನ್ನೊಂದು ವರ್ಷದ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಬಾಷಾಬಿಯ ಎಡಗೈಯೂ ಹೋಗುತ್ತದೆ.

“ನಮಸ್ಕಾರ್ರಿ ಮಾಸ್ತರ,” ಎಂದಳು ಬಾಷಾಬಿ, ನೆಟ್ಟಗಿದ್ದ ಒಂದು ಕೈಯನ್ನು ಎದೆಗೆ ಮುಟ್ಟಿಸಿ. “ಯಾಕ್ರಿ, ದೆವ್ವ ನೋಡಿದವ್ರಂಗ ನಿಂತೀರಲ್ಲ?”

“ಭಾಬಿ, ಈ ಕೈ ತಗೊಂಡು ಯಾಕ ಬರಾಕ ಹೋದ್ರಿ?”

“ಕೈಲೆ ನಡೀತಾರೇನ್ರಿ? ಕಾಲು ನೆಟ್ಟಗ ಅದಾವಲ್ಲ.”

ಹಿಂದೆಯೇ ನೀರಿನ ಬಾಟಲಿ ಹಿಡಿದು ಇಳಿದ ಸೊಸೆ ರೂಬಿನಾಳ ಮುಖ ಗಂಟಾಗಿತ್ತು. “ಸರ್, ನೀವರ ಒಂದ ಮಾತ ಹೇಳ್ರಿ. ಆರು ವಾರ ಹೊರಗ ಬಿಡಬ್ಯಾಡ್ರಿ ಅಂದಾರ ಡಾಕ್ಟರು. ಅಮ್ಮಿ ಕೇಳವಲ್ರು. ತಪ್ಪಾಗೇದ, ಹೋಗಿ ಬಗೀಹರಿಸ್ಕೊಂಡ ಬರ್ತೀನಿ ಅಂತ ಹಟಾ ಹಿಡದಾರ.”

“ಎಂಥಾ ತಪ್ಪು?” ಎಂದ ಸಿದ್ಧಾರೂಢ.

ಬಾಷಾಬಿ ಅತ್ತಿತ್ತ ನೋಡಿ ದನಿ ಇಳಿಸಿದಳು. “ಆವತ್ತ ಐದನೇ ಹೆಜ್ಜಿಗೆ ನಾ ಹೊಳ್ಳಿ ನೋಡಿದ್ನಿರಿ. ನೋಡಬಾರ್ದು ಅಂತ ನೀವ ಬೋರ್ಡಿನ್ಯಾಗ ಬರದೀರಿ, ಓದಿದ್ದೆ. ಆದ್ರೂ ಎಲ್ಲಿ ಬೀಳ್ತೀನೋ ಅಂತ ಹೆದರಿ ಹೊಳ್ಳಿದೆ. ಅದಕ್ಕ ಕೆಡವಿದ್ಲು ಆಕಿ. ಆಕೀದೇನೂ ತಪ್ಪಿಲ್ಲ ಬಿಡ್ರಿ, ನಂದ ತಪ್ಪು. ಇವತ್ತ ಏಳೂ ಹೆಜ್ಜಿ ಬರೋಬರಿ ಇಟ್ಟು ಕೈ ಮುಗದ ಬರ್ತೀನಿ.” ಆಮೇಲೆ ಪ್ಲಾಸ್ಟರಿನ ಕೈ ನೋಡಿಕೊಂಡು ತಾನೇ ನಕ್ಕಳು. “ಮುಗ್ಯಾಕೂ ಬರೂದಿಲ್ಲ ನೋಡ್ರಿ ಈಗ.”

ಇದು ಸುಲಭದ ನಡಿಗೆ. ಹಾಗೆಂದು ಅವನೇ ಕರಪತ್ರ ಬರೆದು ಕಲಘಟಗಿಯ ಎಲ್ಲ ಚಹಾದಂಗಡಿಗಳಿಗೆ ಅಂಟಿಸಿದ್ದ: ಪ್ರತಿ ತಿಂಗಳ ಮೊದಲ ಭಾನುವಾರ, ದೇಸಾಯರ ತೋಟದಿಂದ ತಪ್ಪಲವ್ವನ ಕಾಡಿನವರೆಗೆ ಮೂರು ಕಿಲೋಮೀಟರು, ಏರಿಲ್ಲ, ಇಳಿವಿಲ್ಲ, ಮೊಣಕಾಲು ನೋವಿದ್ದವರೂ ಬರಬಹುದು, ಕೊನೆಗೆ ಚಹಾ, ಗಿರಮಿಟ್ಟು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದವನಿಗೆ ಯಾರೂ ಪಾಠ ಮಾಡಿದ ಮರ್ಯಾದೆ ಕೊಟ್ಟಿರಲಿಲ್ಲ. ಗಣಿತದವರು ರಜೆ ಹಾಕಿದಾಗ ಹುಡುಗರನ್ನು ಗದ್ದಲ ಮಾಡದಂತೆ ಕೂಡಿಸುವುದಕ್ಕೆ ಇರುವವನು ಡ್ರಾಯಿಂಗ್ ಮಾಸ್ತರ. ಈ ನಡಿಗೆಯಲ್ಲಿ ಮಾತ್ರ ಹದಿನೈದು ಇಪ್ಪತ್ತು ಜನ ದೊಡ್ಡವರು ಅವನ ಬಾಯಿ ನೋಡುತ್ತ ಬರುತ್ತಿದ್ದರು. ಸಾರೋಟಿನಲ್ಲಿ ಕೂತು ಸಂಜೆ ಗಾಳಿಗೆ ಹೋಗಲೆಂದು ಹಳೆಯ ದೇಸಾಯರು ಎರಡು ಸಾಲಿನಲ್ಲಿ ನೆಡಿಸಿದ ಮಾವಿನ ಮರಗಳು, ನೀರು ನಿಂತು ಎಷ್ಟೋ ಕಾಲವಾದ ಕಾರಂಜಿ, ಪಾಯಖಾನೆಗಿಂತ ದೊಡ್ಡದಿಲ್ಲದ ಒಂದು ನವಿಲಿನ ಮನೆ, ಇವನ್ನೆಲ್ಲ ಅವನು ತನ್ನ ಅಪ್ಪನ ಆಸ್ತಿಯ ಹಾಗೆ ತೋರಿಸುತ್ತಿದ್ದ. ತೋಟದ ಹಿಂದಿನ ಗೋಡೆ ಒಡೆದ ಕಡೆ ಒಮ್ಮೆಲೇ ಬೆಳಕು ತಗ್ಗಿ ಕಾಡು ಶುರುವಾಗುತ್ತಿತ್ತು. ಮತ್ತಿ, ಹೊನ್ನೆ, ನಂದಿ, ನಾಲ್ಕು ಜನ ಕೈ ಕೂಡಿಸಿ ತಬ್ಬಿದರೂ ಸಾಲದಂಥ ಬೊಡ್ಡೆಗಳು. ಅಲ್ಲಿ ಯಾರೂ ಕೊಡಲಿ ಹಾಕಿದ್ದಿಲ್ಲ, ಹಸಿ ಎಲೆ ಕೂಡ ಹರಿಯುವುದಿಲ್ಲ. ಈ ಕಡೆಯ ಮಾತಿನಲ್ಲಿ ತಪ್ಪಲ ಎಂದರೆ ಎಲೆ, ತಪ್ಪಲವ್ವ ಎಂದರೆ ಎಲೆಯ ದೇವಿ. ದಾರಿಯಲ್ಲಿ ಬಿದ್ದ ಎಲೆಯನ್ನು ಒಂದು ಹಿಡಿ ಆರಿಸಿ ಅವಳ ಮೂಗಿಲ್ಲದ ಕಲ್ಲಿನ ಮುಂದೆ ಇಡುವುದು, ಅಷ್ಟೇ ಅವಳ ಪೂಜೆ. ಅದು ನಿಜವಾದ ಪದ್ಧತಿ, ಅಜ್ಜ ಮುತ್ತಜ್ಜರ ಕಾಲದ್ದು.

ಎಲೆ ಇಟ್ಟಮೇಲೆ ಅವ್ವನಿಗೆ ಬೆನ್ನು ತೋರಿಸದೆ ಏಳು ಹೆಜ್ಜೆ ಹಿಂದಕ್ಕೆ ನಡೆಯಬೇಕು, ಹಿಂದಿರುಗಿ ನೋಡಬಾರದು ಎಂಬ ಪದ್ಧತಿ ಮಾತ್ರ ಹನ್ನೊಂದು ವರ್ಷದ್ದು. ಅದು ಸಿದ್ಧಾರೂಢನ ಪ್ಯಾಂಟಿನಿಂದ ಹುಟ್ಟಿದ್ದು.

ಅದನ್ನು ನೆನೆದರೆ ಈಗಲೂ ಅವನ ಕಿವಿ ಬಿಸಿಯಾಗುತ್ತಿತ್ತು. ಮೊದಲನೆಯ ನಡಿಗೆಗೆ ತಾಲೂಕಿನ ಸಾಹೇಬರು, ಅವರ ಹೆಂಡತಿ, ಹುಬ್ಬಳ್ಳಿಯ ಪೇಪರಿನವರು ಎಲ್ಲ ಬರುವವರಿದ್ದರು. ಅದಕ್ಕೆಂದೇ ಅವನು ಬೂದಿ ಬಣ್ಣದ ಬಟ್ಟೆ ಕೊಂಡು ಪೇಟೆಯ ದಾವೂದಸಾಬನ ಹತ್ತಿರ ಹೋಗಿದ್ದ. ದಾವೂದಸಾಬ, ಬಾಷಾಬಿಯ ಗಂಡ, ಮಸೀದಿ ಓಣಿಯ ತಿರುವಿನಲ್ಲಿ ಒಂದೇ ಮಷೀನಿಟ್ಟುಕೊಂಡು ನಲವತ್ತು ವರ್ಷ ಹೊಲಿದವನು, ಅಳತೆ ತೆಗೆದುಕೊಳ್ಳುವಾಗ ಟೇಪು ಎಳೆಯದೆ ಬೆರಳಿನಲ್ಲಿ ಸೊಂಟ ಮುಟ್ಟಿ ಇಷ್ಟು ಎನ್ನುವವನು. “ಮಾಸ್ತರ, ಹಿಂದ ಎರಡ ಬಟ್ಟು ಸಡ್ಲ ಬಿಡ್ತೀನ್ರಿ,” ಎಂದ. ಐವತ್ತೆರಡನೆಯ ವಯಸ್ಸಿನಲ್ಲಿ ಸಿದ್ಧಾರೂಢನಿಗೆ ತೆಳ್ಳಗೆ ಕಾಣುವ ಚಪಲ. ಬೇಡ, ಮೈಗೆ ಹತ್ತಿ ನಿಲ್ಲಬೇಕು ಎಂದ. ದಾವೂದಸಾಬ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಅವನನ್ನೇ ನೋಡಿದ. “ನಿಂತು ಫೋಟೋ ಹೊಡಿಸ್ಕೊಳ್ಳಾಕೋ, ನಡ್ಯಾಕೋ?” ಅಂಗಡಿಯಲ್ಲಿದ್ದವರು ನಕ್ಕರು. ನಕ್ಕದ್ದಕ್ಕೇ ಸಿದ್ಧಾರೂಢ ಇನ್ನೂ ಅರ್ಧ ಇಂಚು ಬಿಗಿ ಮಾಡಿಸಿದ. ಮುಂದಿನ ಭಾನುವಾರ ತಪ್ಪಲವ್ವನ ಕಲ್ಲಿನ ಪಕ್ಕ, ಜನರ ಕಡೆ ಮುಖ ಮಾಡಿ ನಿಂತು, ಎಲೆ ಇಡುವುದು ಹೇಗೆಂದು ತೋರಿಸಲು ಬಗ್ಗಿದಾಗ ಹಿಂದೆ ಚರ್ ಅಂತು. ಗಾಳಿ ತಾಗಿತು. ಸಾಹೇಬರ ಹೆಂಡತಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ಮುಂದಿನ ದಾರಿ ಕಲ್ಲಿನ ಆಚೆಗೆ. ಮುಂದಾಳು ಎಂದಮೇಲೆ ಅವನೇ ಮೊದಲು ತಿರುಗಿ ಹೊರಡಬೇಕು, ಇಪ್ಪತ್ತು ಜನ ಅವನ ಹಿಂದೆ. ಸಿದ್ಧಾರೂಢ ತಿರುಗಲಿಲ್ಲ. ಕೈ ಮುಗಿದುಕೊಂಡು, ಮುಖದಲ್ಲಿ ಭಕ್ತಿ ತಂದುಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದ. “ಅವ್ವಗ ಬೆನ್ನ ತೋರಸಂಗಿಲ್ರಿ,” ಎಂದ, ಯಾರೂ ಕೇಳದಿದ್ದರೂ. ಏಳನೆಯ ಹೆಜ್ಜೆಗೆ ಹೆಗಲಲ್ಲೇ ಜೋಳಿಗೆ ಇದೆಯೆಂಬುದು ನೆನಪಾಗಿ ಅದನ್ನು ಹಿಂದಕ್ಕೆ ಜಗ್ಗಿ ಮುಚ್ಚಿಕೊಂಡ. ಸಾಹೇಬರು, ಸಾಹೇಬರ ಹೆಂಡತಿ, ಪೇಪರಿನವರು, ಎಲ್ಲರೂ ಕೈ ಮುಗಿದು ಏಳು ಹೆಜ್ಜೆ ಹಿಂದಕ್ಕೆ ನಡೆದರು. ಮರುದಿನ ಪೇಪರಿನಲ್ಲಿ ಬಂತು. ಜೋಳಿಗೆ ಮೂರನೆಯ ಹೆಜ್ಜೆಗೇ ನೆನಪಾಗಿದ್ದರೆ ಪದ್ಧತಿ ಮೂರು ಹೆಜ್ಜೆಯದಾಗುತ್ತಿತ್ತು, ಐದನೆಯ ಹೆಜ್ಜೆಯಲ್ಲಿರುವ ಮತ್ತಿ ಮರದ ಬೇರಿಗೆ ಬಾಷಾಬಿಯ ಹಿಮ್ಮಡಿ ತಾಗುತ್ತಲೇ ಇರಲಿಲ್ಲ ಎಂದು ಈ ಒಂದು ತಿಂಗಳಲ್ಲಿ ಅವನು ಎಷ್ಟು ಸಲ ಲೆಕ್ಕ ಹಾಕಿದ್ದನೋ.

“ಸರ್, ನಡೀರಿ, ಬಿಸಲ ಏರತೈತಿ,” ಎಂದ ಹೇಮಂತ. ಹುಬ್ಬಳ್ಳಿಯ ಯಾವುದೋ ಬ್ಯಾಂಕಿನಲ್ಲಿರುವ ಈ ಹೇಮಂತ ಮೂರು ವರ್ಷದಿಂದ ಒಂದು ಭಾನುವಾರವನ್ನೂ ತಪ್ಪಿಸಿದವನಲ್ಲ. ಅವನ ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರ, ಮಾವಿನ ಸಾಲಿನುದ್ದಕ್ಕೂ ಅದನ್ನು ನೋಡಿಕೊಳ್ಳುತ್ತಲೇ ನಡೆಯುವ ಚಾಳಿ. ಎಡವಿದರೂ ಗಡಿಯಾರ ನೋಡಿಯೇ ಎಡವುತ್ತಿದ್ದ. ಮರಗಳ ಕೆಳಗೆ ನೆರಳು ಇನ್ನೂ ತಣ್ಣಗಿತ್ತು, ಹಿಂದಿನ ರಾತ್ರಿಯ ಇಬ್ಬನಿ ಹನಿಹನಿಯಾಗಿ ಹೆಗಲ ಮೇಲೆ ಬೀಳುತ್ತಿತ್ತು. ಬೇರೆ ದಿನವಾಗಿದ್ದರೆ ಸಿದ್ಧಾರೂಢ ಇಲ್ಲಿ ನಿಂತು, ಹನ್ನೆರಡನೆಯ ಮರ ಯಾಕೆ ಸಾಲು ಬಿಟ್ಟು ಎರಡು ಮೊಳ ಒಳಗಿದೆ ಎಂದು ಕೇಳಿ, ಯಾರಿಗೂ ಗೊತ್ತಿಲ್ಲವೆಂದಾಗ ಸಂತೋಷಪಡುತ್ತಿದ್ದ. ಇವತ್ತು ಆ ಮರ ದಾಟಿಯೇ ಹೋದ. ಇವನಿಗೇ ಮೊದಲು ಹೇಳಿಬಿಡೋಣ, ಒಬ್ಬನಿಗೆ ಹೇಳಿದರೆ ಹದಿನೈದು ಜನಕ್ಕೆ ಹೇಳುವುದು ಸಲೀಸಾಗುತ್ತದೆ ಎಂದುಕೊಂಡು, “ಹೇಮಂತ, ಆ ಹಿಂದಿನ ಹೆಜ್ಜಿ ಅದಾವಲ್ಲ,” ಎಂದು ಶುರು ಮಾಡಿದ.

“ಅದನ್ನ ಕೇಳಾಂವ ಇದ್ದೆ ನೋಡ್ರಿ ನಾನೂ!” ಎಂದು ಹೇಮಂತ ಹಿಗ್ಗಿದ. “ಆ ಏಳು ಹೆಜ್ಜಿ ನನ್ನ ವಾಚು ಎಣಸೂದ ಇಲ್ಲರಿ. ಆದ್ರ ಮೊನ್ನೆ ಒಬ್ರು ಡಾಕ್ಟರು ಮೊಬೈಲ್‌ನ್ಯಾಗ ಹೇಳಾಕತ್ತಿದ್ರು, ಹಿಂದ ಹಿಂದ ನಡದ್ರ ಮೊಣಕಾಲಿಗೆ ಅಗದಿ ಚಲೋ ಅಂತ. ನೋಡ್ರಿ ಮತ್ತ, ನಮ್ಮ ಹಿರ್ಯಾರು ಸುಮ್ಮನ ಮಾಡ್ತಿದ್ದಿಲ್ಲ ಏನೂ. ನಾ ಎಲ್ಲಾ ಗ್ರೂಪಿಗೂ ಕಳಿಸೇನಿ.”

“ಎಲ್ಲಾ ಗ್ರೂಪಿಗೂ?”

“ನಾಕು ಗ್ರೂಪಿಗೆ. ನಿಮ್ಮ ಹೆಸರ ಹಾಕೇನಿ.”

ಸಿದ್ಧಾರೂಢ ಬಾಯಿ ಮುಚ್ಚಿಕೊಂಡ. ಹಿರಿಯರು. ಆ ಹಿರಿಯ ತಾನೇ. ಅವನಿಗೆ ನಗು ಬಂತು, ನಗು ಬಂದದ್ದಕ್ಕೆ ನಾಚಿಕೆಯಾಯಿತು. ಆ ಭಾನುವಾರದ ನಂತರ ಅವನು ಹಿಂದೆ ಜನ ಇರುವಲ್ಲಿ ನಿಲ್ಲುವುದನ್ನೇ ಬಿಟ್ಟಿದ್ದ. ಮದುವೆ ಮನೆಯಲ್ಲಿ ಗೋಡೆ ಹುಡುಕುತ್ತಿದ್ದ, ಶಾಲೆಯ ಬೀಳ್ಕೊಡುಗೆಯ ದಿನ ಶಾಲು ಹೊದಿಸಲು ಬಂದವರಿಗೆ ಬೆನ್ನು ತಿರುಗಿಸದೆ ಅವರ ಸುತ್ತ ಒಂದು ಸುತ್ತು ಹಾಕಿದ್ದ. ಕಾಡಿನ ನಿಯಮಗಳ ಬೋರ್ಡು ಬರೆಯುವಂತೆ ಪಂಚಾಯಿತಿಯವರು ಕೇಳಿದಾಗ ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ, ಏಳು ಹೆಜ್ಜೆಯ ಆ ಮೂರನೆಯ ಸಾಲಿಗೆ ಎಷ್ಟು ಚಂದದ ನೆರಳು ಕೊಟ್ಟು ಬರೆದಿದ್ದ! ಸುಳ್ಳಿನ ಸಾಲಿಗೇ ಹೆಚ್ಚು ಬಣ್ಣ ಹಿಡಿದಿತ್ತು.

ಕಾರಂಜಿಯ ಕಟ್ಟೆಯ ಮೇಲೆ ಎಲ್ಲರೂ ದಣಿವಾರಿಸಿಕೊಳ್ಳಲು ಕೂತರು. ಸುಲಭದ ನಡಿಗೆಯಲ್ಲಿ ಯಾರೂ ದಣಿದಿರುವುದಿಲ್ಲ, ಆದರೂ ಕಟ್ಟೆ ಕಂಡರೆ ಕೂಡುತ್ತಾರೆ. ರೂಬಿನಾ ಅತ್ತೆಗೆ ನೀರು ಕುಡಿಸಿದಳು. ಸಿದ್ಧಾರೂಢ ಬಾಷಾಬಿಯ ಬಾಜೂಕೆ ಕೂತ, ಕಾರಂಜಿಯ ಗೋಡೆಗೆ ಬೆನ್ನು ಆನಿಸಿ. ಈಗ. ಈಗಲೇ ಹೇಳಬೇಕು, ಇವಳೊಬ್ಬಳಿಗೇ, ಮೆಲ್ಲಗೆ. ಇವಳು ಹಿಂದಕ್ಕೆ ನಡೆಯದಿದ್ದರೆ ಸಾಕು, ಉಳಿದವರು ಮೊಣಕಾಲಿಗೆ ಚಲೋ ಮಾಡಿಕೊಳ್ಳಲಿ. ಈ ಉಪಾಯ ಹೊಳೆದದ್ದೇ ಅವನಿಗೆ ಜೀವ ಬಂದಂತಾಯಿತು.

“ಭಾಬಿ, ನಿಮ್ಗೊಂದ ಮಾತ ಹೇಳಬೇಕು.”

“ನಾನೂ ನಿಮ್ಗೊಂದ ಮಾತ ಕೇಳಬೇಕಂತಿದ್ನಿರಿ,” ಎಂದಳು ಬಾಷಾಬಿ. “ಬ್ಯಾಸರ ಮಾಡ್ಕೊಬ್ಯಾಡ್ರಿ. ನಮ್ಮವ್ರು ಹೋಗೂಮಟಾ ಕೇಳತಿದ್ರು. ಮಾಸ್ತರ್ರು ಯಾಕ ಬರೂದ ಬಿಟ್ಟ್ರು ಅಂತ.”

ಸಿದ್ಧಾರೂಢ ಕಾಲಬಳಿ ಬಿದ್ದಿದ್ದ ಒಂದು ಮಾವಿನ ಗೊರಟೆಯನ್ನು ನೋಡಿದ.

“ಅಷ್ಟ ವರ್ಷ ಅಂಗಿ, ಪ್ಯಾಂಟು, ಎಲ್ಲಾ ನಮ್ಮಲ್ಲೆ. ಒಮ್ಮಿಗೆಲೆ ಹುಬ್ಬಳ್ಳಿ ರೆಡಿಮೇಡು. ‘ನನ್ನ ಹೊಲಿಗ್ಯಾಗ ಏನ ಕೆಟ್ಟಿತೋ, ಬಾಯಿಬಿಟ್ಟ ಬೈದಿದ್ರ ಚಲೋ ಇತ್ತು, ಮಾಸ್ತರ್ರು ದೊಡ್ಡ ಮನುಷ್ಯಾರು, ಬೈಲಿಲ್ಲ,’ ಅಂತಿದ್ರು. ಕಡೀಕ್ ಕಣ್ಣ ಕಾಣತಿದ್ದಿಲ್ಲ, ಸೂಜ್ಯಾಗ ದಾರ ನಾ ಏರಸತಿದ್ದೆ. ಆವಾಗೂ ಅದ ಮಾತು.”

ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ದಾವೂದಸಾಬ ಎದುರಿಗೆ ಸಿಕ್ಕಿದ್ದ. ಮುಖ ನೋಡುವ ಮೊದಲು ಅವನ ಕಣ್ಣು ರೆಡಿಮೇಡ್ ಪ್ಯಾಂಟಿನ ಕೆಳಗಿನ ಮಡಿಕೆಗೆ ಹೋಗಿತ್ತು. ದಾರ ಬಿಚ್ಚೇತ್ರಿ ಮಾಸ್ತರ, ಕೊಟ್ಟು ಕಳಸ್ರಿ, ಒಂದ ನಿಮಿಷದ ಕೆಲಸ, ಎಂದಿದ್ದ, ಬೇಡುವವನ ಹಾಗೆ. ಸಿದ್ಧಾರೂಢ ಆಯ್ತಾಯ್ತು ಎಂದು ಬಸ್ಸು ಹತ್ತಿದ್ದ. ಹತ್ತಿದ ಬಸ್ಸು ತನ್ನದಲ್ಲವೆಂದು ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದಿದ್ದ. ಅಂಗಡಿಯ ಮುಂದೆ ಹಾಯಬೇಕಾಗುತ್ತದೆಂದು ವರ್ಷಗಟ್ಟಲೆ ಮಸೀದಿಯ ಹಿಂದಿನ ಸಂದಿಯಲ್ಲಿ ಸುತ್ತು ಹಾಕಿ ಪೇಟೆಗೆ ಹೋಗುತ್ತಿದ್ದ. ಒಂದು ಮಾತು, ಪ್ಯಾಂಟು ಚರ್ ಅಂತು ದಾವೂದಸಾಬ, ನಿನ್ನ ಮಾತು ಕೇಳಲಿಲ್ಲ ನಾನು, ಅಂದಿದ್ದರೆ ಆ ಮನುಷ್ಯ ನಕ್ಕು, ಅಂಗಡಿಯವರನ್ನೆಲ್ಲ ನಗಿಸಿ, ಸಂಜೆಯೊಳಗೆ ಹೊಲಿದು ಕೊಡುತ್ತಿದ್ದ. ಆ ನಗುವಿಗೆ ಹೆದರಿ ಒಬ್ಬ ಮನುಷ್ಯನನ್ನು ಸಾಯುವವರೆಗೆ ಕೊರಗಿಸಿದೆ ಎಂಬುದು ಈಗ, ಈ ಕಟ್ಟೆಯ ಮೇಲೆ, ಅವನಿಗೆ ಮೊದಲ ಸಲ ತಿಳಿಯಿತು. ಕೈ ಮುರಿದದ್ದು ಸಣ್ಣದು. ತಾನು ಕೆಟ್ಟವನೇನಲ್ಲ ಎಂದು ನಂಬಿಕೊಂಡಿದ್ದ, ಕೆಟ್ಟವನಾಗುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.

“ನೀವೇನೋ ಹೇಳಬೇಕಂದ್ರಿ?” ಎಂದಳು ಬಾಷಾಬಿ.

“ಏನಿಲ್ಲರಿ. ಬೂಟಿನ ದಾರ ಬಿಚ್ಚೇದ, ನೋಡ್ಕೋರಿ ಅಂತ.”

ಅವಳು ಕಾಲು ನೋಡಿಕೊಂಡಳು. ದಾರವೇ ಇಲ್ಲದ ಬೂಟು. “ಮಾಸ್ತರ, ನೀವು ಚಾ ಕುಡದ ಬಂದೀರಿಲ್ಲೋ?” ಎಂದಳು.

ಒಡೆದ ಗೋಡೆ ದಾಟಿ ಕಾಡಿನೊಳಗೆ ಕಾಲಿಟ್ಟಮೇಲೆ ಎಂದಿನಂತೆ ಎಲ್ಲರ ಮಾತು ತಾನಾಗಿ ಸಣ್ಣದಾಯಿತು. ಒಬ್ಬೊಬ್ಬರಾಗಿ ಚಪ್ಪಲಿ, ಬೂಟು ಬಿಟ್ಟು ಬರಿಗಾಲಿನಲ್ಲಿ ಎಲೆಯ ಮೇಲೆ ನಡೆದರು. ಹೇಮಂತನೂ ಗಡಿಯಾರ ಮರೆತು ಮೇಲೆ ನೋಡುತ್ತಿದ್ದ. ಮೇಲೆ ಎಲ್ಲೋ ಒಂದು ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದ ಸದ್ದು, ಹಣ್ಣು ಉದುರಿದ ಸದ್ದು. ಬಾಷಾಬಿ ಎಡಗೈಯಲ್ಲಿ ಒಂದೊಂದೇ ಎಲೆ ಆರಿಸಿ ಪ್ಲಾಸ್ಟರಿನ ಕೈ ಮತ್ತು ಎದೆಯ ನಡುವೆ ಇಟ್ಟುಕೊಳ್ಳುತ್ತಿದ್ದಳು, ತೂತಿಲ್ಲದ ಎಲೆಯೇ ಆಗಬೇಕು ಅವಳಿಗೆ, ತಿರುಗಿಸಿ ನೋಡಿ ನೋಡಿ ಆರಿಸುತ್ತಿದ್ದಳು. ಸಿದ್ಧಾರೂಢ ಮುಂದೆ ನಡೆದ. ಈ ಮರಗಳು ತನಗಿಂತ, ದೇಸಾಯರಿಗಿಂತ, ಕಲಘಟಗಿಗಿಂತ ಹಳೆಯವು ಎಂದು ಪ್ರತಿ ಸಲ ಇಲ್ಲಿ ಹೇಳುತ್ತಿದ್ದ. ಇವತ್ತು ಅವೆಲ್ಲವೂ ಅವತ್ತಿನ ಬೆಳಿಗ್ಗೆ ಇಲ್ಲೇ ನಿಂತು ನೋಡಿದ್ದವು ಎಂಬುದು ನೆನಪಾಗಿ ಹೆಗಲು ಕುಗ್ಗಿಸಿಕೊಂಡ.

ಕಲ್ಲಿನ ಹತ್ತಿರ ಈರಪ್ಪ ಕೂತಿದ್ದ. ಕಾಡು ನೋಡಿಕೊಳ್ಳುವುದು ಅವನ ಮನೆತನದ ಕೆಲಸ. ಹಿಡಿ ಎಲೆ ಇಟ್ಟವರಿಗೆಲ್ಲ ಹಣೆಗೆ ಅರಿಸಿನದ ಭಂಡಾರ ಹಚ್ಚಿ, ಮತ್ತೆ ಕಲ್ಲಿಗೆ ಬೆನ್ನು ಕೊಟ್ಟು ಎಲೆ ಅಡಿಕೆ ಹಾಕಿಕೊಳ್ಳುವ ಮನುಷ್ಯ. ಹತ್ತು ಮಾತಿಗೆ ಒಂದು ಮಾತು. ಬಾಷಾಬಿಯ ಪ್ಲಾಸ್ಟರು ನೋಡಿ, “ಬಂದ್ರ್ಯಾ?” ಎಂದ, ಅಷ್ಟೇ. ಅವಳು ಬಗ್ಗಿ ಎಲೆ ಇಟ್ಟಳು. ಭಂಡಾರ ಹಚ್ಚಿಸಿಕೊಂಡಳು. ಕಲ್ಲನ್ನು ದಾಟಿ ಆಚೆ ಬಂದು, ಕಲ್ಲಿಗೆ ಮುಖ ಮಾಡಿ, ರೂಬಿನಾಳ ಕೈ ಬಿಡಿಸಿಕೊಂಡು ನೆಟ್ಟಗೆ ನಿಂತಳು. ಅವಳ ಹಿಂದೆ ಐದು ಹೆಜ್ಜೆಯಲ್ಲಿ ಆ ಬೇರು, ಒಂದು ಗೇಣು ಎತ್ತರ. ಅವಳು ಹಿಮ್ಮಡಿ ಎತ್ತಿದಳು.

“ನಿಂದರ್ರಿ!” ಎಂದು ಸಿದ್ಧಾರೂಢ ಕೂಗಿದ. ಕಾಡಿನಲ್ಲಿ ಕೂಗಬಾರದು ಎಂಬುದು ಬೋರ್ಡಿನ ಎರಡನೆಯ ಸಾಲು. “ಭಾಬಿ, ಕಾಲ ಇಡಬ್ಯಾಡ್ರಿ. ಅದು ಸುಳ್ಳು. ಆ ಬೋರ್ಡಿನ ಮೂರನೇ ಸಾಲ ಸುಳ್ಳು. ನಾ ಹುಟ್ಟಿಸಿದ್ದು.”

ಎಲ್ಲರೂ ತಿರುಗಿದರು. ಶುರುವಾದಮೇಲೆ ನಿಲ್ಲಿಸಲು ಅವನಿಗೆ ಬರಲಿಲ್ಲ. “ಹನ್ನೊಂದ ವರ್ಷದ ಹಿಂದ ಇದ ಜಾಗಾದಾಗ ಬಗ್ಗಿದೆ. ಹಿಂದ ಪ್ಯಾಂಟು ಚರ್ ಅಂತು. ಆವತ್ತ ಬಂದ ಮಂದಿಗೆ ಬೆನ್ನ ಕಾಣಬಾರ್ದು ಅಂತ ಹಿಂದ ಹಿಂದ ನಡದೆ. ಅವ್ವಂದೇನೂ ಇದ್ರಾಗಿಲ್ಲ. ಪದ್ಧತಿ ಇಲ್ಲ, ಗಿದ್ಧತಿ ಇಲ್ಲ, ಹಿರ್ಯಾರಿಲ್ಲ, ಮೊಣಕಾಲಿಲ್ಲ. ಬರೀ ಪ್ಯಾಂಟು. ಭಾಬಿ, ನೀವು ಹೊಳ್ಳಿ ನೋಡಿದ್ದಕ್ಕ ಬಿದ್ದಿಲ್ಲರಿ. ನಾ ಸುಳ್ಳ ಹೇಳಿದ್ದಕ್ಕ ಬಿದ್ರಿ. ತಪ್ಪು ನಂದು. ಕಾಲ ಹಿಡೀತೀನಿ ನಿಮ್ಮ.”

ಹೇಮಂತ ಬಾಯಿ ತೆರೆದು ನಿಂತಿದ್ದ. ಅವನ ಮುಖದಲ್ಲಿ ನಾಲ್ಕು ಗ್ರೂಪುಗಳು ಹಾದುಹೋದಂತೆ ಕಂಡಿತು. ಆಗ ಈರಪ್ಪ ಎಲೆ ಅಡಿಕೆ ಉಗುಳಿ ಬಾಯಿ ಒರೆಸಿಕೊಂಡ.

“ಪಟ್ಟಾಪಟ್ಟಿ ಚಡ್ಡಿ,” ಎಂದ.

“ಏನಂದಿ ಈರಪ್ಪಣ್ಣ?”

“ನೀಲಿ ಪಟ್ಟಿ. ನಾ ಆ ಕಡಿ ದಾರೀಲೆ ನೀರ ತಗೊಂಡ ಬರಾಕತ್ತಿದ್ದೆ. ಮುಂದಿನವ್ರಿಗೆಲ್ಲಾ ಮುಚ್ಚಿಕೊಂತ ಸೀದಾ ನನ್ನ ಕಡೇನ ಬಂದ್ರಲ್ಲರಿ ಮಾಸ್ತರ, ಏಳು ಹೆಜ್ಜಿ. ನಾ ಗಿಡದ ಮರಿಗೆ ಸರದ ನಿಂತೆ, ಮನುಷ್ಯಾಗ ನಾಚಿಕಿ ಆದೀತು ಅಂತ.”

ಮೊದಲು ನಕ್ಕವಳು ರೂಬಿನಾ. ಮುಖದ ಗಂಟು ಬಿಚ್ಚಿ, ನೀರಿನ ಬಾಟಲಿ ಕೈಯಿಂದ ಬಿದ್ದು, ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯದೆ ನಕ್ಕಳು. ಆಮೇಲೆ ಎಲ್ಲರೂ. ಇಪ್ಪತ್ತು ಜನರಿಂದ ಮುಚ್ಚಿಟ್ಟದ್ದನ್ನು ಸಿದ್ಧಾರೂಢ ಒಬ್ಬನಿಗೆ ಬರೋಬರಿ ತೋರಿಸಿಕೊಂಡು ಹೋಗಿದ್ದ, ಆ ಒಬ್ಬ ಹನ್ನೊಂದು ವರ್ಷ ಪ್ರತಿ ತಿಂಗಳೂ ಅವನ ಹಣೆಗೆ ಭಂಡಾರ ಹಚ್ಚಿದ್ದ. ನಗು ಅವನು ಹೆದರಿದಷ್ಟು ದೊಡ್ಡದಿರಲಿಲ್ಲ. ಮೈಮೇಲೆ ಬಿದ್ದು ಹರಿದು ಹೋಯಿತು. ಇಷ್ಟಕ್ಕೇ ಹೆದರಿದೆನೇ?

“ಗೊತ್ತಿದ್ದೂ ಯಾಕ ಸುಮ್ಮನಿದ್ದಿ?”

“ಅದಕ್ಕಿಂತ ಮೊದ್ಲ ಮಂದಿ ಎಲಿ ಒಗದು, ಹೊಳ್ಳಿ, ಚಾ ಎಲ್ಲಿ ಅಂತ ಓಡತಿದ್ರು. ಈಗ ಏಳ ಹೆಜ್ಜಿ ಆಗೂಮಟಾ ಆಕೀ ಮಾರಿ ನೋಡತಾರ. ಯಾರ ಪ್ಯಾಂಟ ಹರದ್ರ ನನಗೇನಾಗೂದೈತಿ?” ಈರಪ್ಪ ಇಷ್ಟು ಉದ್ದ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವನು ಬೇರಿನ ಕಡೆ ಗದ್ದ ತೋರಿಸಿದ. “ಆ ಬೇರ ಇರೂದು ಹೇಳಬೇಕಿತ್ತು. ಅದು ನಂದೂ ತಪ್ಪು.”

ಬಾಷಾಬಿ ಮಾತ್ರ ನಕ್ಕಿರಲಿಲ್ಲ. ಹಿಮ್ಮಡಿ ಇಳಿಸಿ ನಿಂತಿದ್ದಳು, ಸಿದ್ಧಾರೂಢನನ್ನೇ ನೋಡುತ್ತ.

“ಬೂದಿ ಬಣ್ಣದ್ದು?” ಎಂದಳು. “ನಮ್ಮವ್ರು ಹೊಲದದ್ದು?”

ಅವನು ತಲೆಯಾಡಿಸಿದ. ನಗು ಒಮ್ಮೆಲೇ ಆರಿತು.

“ಅದಕ್ಕ ಬರೂದ ಬಿಟ್ರಿ.”

“ಹೌದ್ರಿ. ಮಾರಿ ತೋರಸಾಕ ಆಗಲಿಲ್ಲ.”

ಬಾಷಾಬಿ ಕಲ್ಲಿನ ಕಡೆ ನೋಡಿದಳು, ತಾನಿಟ್ಟ ತೂತಿಲ್ಲದ ಎಲೆಗಳ ಕಡೆ. ಆಮೇಲೆ ಎಡಗೈ ಮುಂದೆ ಚಾಚಿದಳು. “ಹಿಡೀರಿ.”

“ಭಾಬಿ, ಬ್ಯಾಡ್ರಿ, ಇದೆಲ್ಲಾ ಸುಳ್ಳು ಅಂತ ಈಗರ ಹೇಳಿದ್ನಲ್ಲ.”

“ಪ್ಯಾಂಟು ನಿಮ್ದು. ಅವ್ವ ನಿಮ್ಮಾಕೇನ್ರಿ? ಏಳ ಹೆಜ್ಜಿ ಇಡತೀನಿ ಅಂತ ಆಕಿಗೆ ಮನಿಯಿಂದ ಹೇಳಿ ಬಂದೇನಿ. ನಾ ಆಕಿನ್ನ ನೋಡ್ತೀನಿ, ನೀವ ನನ್ನ ಹಿಂದ ಬೇರ ನೋಡ್ರಿ. ಹಿಡೀರಿ.”

ಅವಳ ಎದುರಿಗೆ ನಿಂತು ಕೈ ಹಿಡಿಯಬೇಕೆಂದರೆ ಕಲ್ಲಿಗೆ ಬೆನ್ನು ತೋರಿಸಬೇಕು. ಈರಪ್ಪನಿಗೆ, ರೂಬಿನಾಳಿಗೆ, ಹೇಮಂತನಿಗೆ, ಹದಿನೈದು ಜನಕ್ಕೆ ಬೆನ್ನು ತೋರಿಸಬೇಕು. ಸಿದ್ಧಾರೂಢ ಜೋಳಿಗೆಯನ್ನು ಹೆಗಲಿಂದ ತೆಗೆದು ನೆಲಕ್ಕಿಟ್ಟ. ಎಲ್ಲರಿಗೂ ಬೆನ್ನು ಮಾಡಿ ನಿಂತು ಆ ಕೈ ಹಿಡಿದುಕೊಂಡ. ಸೂಜಿಗೆ ದಾರ ಏರಿಸಿದ ಕೈ, ತುದಿ ಬೆರಳು ಒರಟು. ಬೆನ್ನಿನ ಮೇಲೆ ಕಣ್ಣುಗಳಿದ್ದವು, ಇರಲಿ ಎಂದುಕೊಂಡ.

“ಒಂದು,” ಎಂದಳು ಬಾಷಾಬಿ, ಹಿಂದಕ್ಕೆ ಸರಿದು. ಅವನು ಒಂದು ಹೆಜ್ಜೆ ಮುಂದಿಟ್ಟ. “ಎರಡು.” ಎಲೆ ಸರಸರ ಅಂದಿತು. “ಮೂರು.” ಅವಳ ಕಣ್ಣು ಅವನ ಹೆಗಲ ಮೇಲಿಂದ ಕಲ್ಲಿನಲ್ಲಿ ನೆಟ್ಟಿತ್ತು. “ನಾಕು.” ಐದನೆಯದಕ್ಕೆ ಅವಳು ಕ್ಯಾನ್ವಾಸ್ ಬೂಟಿಲ್ಲದ, ಬೆಳ್ಳಗೆ ಸುಕ್ಕಾದ ಪಾದ ಎತ್ತಿದಳು, ಹಿಂದೆ ಬೇರು. “ಕಾಲ ಎತ್ತಿ ಇಡ್ರಿ, ಇನ್ನೂ ತುಸು, ಬೇರ ಐತಿ,” ಎಂದ ಅವನು. ಅವಳು ಇಡಲಿಲ್ಲ. ಒಂದೇ ಕಾಲಿನ ಮೇಲೆ, ಅವನ ಕೈಯಲ್ಲಿ ಪೂರಾ ಭಾರ ಬಿಟ್ಟು ನಿಂತು, ಕಣ್ಣನ್ನು ಕಲ್ಲಿನಿಂದ ಕಿತ್ತು ಅವನ ಮುಖಕ್ಕೆ ತಂದಳು.

“ಮಾಸ್ತರ, ಖರೇ ಹೇಳ್ರಿ. ಹೊಲಿಗಿ ಬಿಚ್ಚಿತ್ತೋ, ಅರಬಿ ಹರದಿತ್ತೋ?”

ಅವತ್ತು ಸಂಜೆ ಮನೆಯ ಬಾಗಿಲು ಹಾಕಿಕೊಂಡು, ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಗೆರೆ ಎಳೆಯುವುದನ್ನೇ ಕಲಿಸಿದವನ ಕಣ್ಣು, ಮರೆಯುವುದು ಸಾಧ್ಯವಿರಲಿಲ್ಲ. ಹೊಲಿಗೆ ಪಟ್ಟಿ ಹಿಡಿದು ಎಳೆದ ಗೆರೆಯಂತೆ ಮೇಲಿಂದ ಕೆಳಗಿನವರೆಗೆ ನೆಟ್ಟಗೆ, ಒಂದು ಎಳೆ ಸಡಿಲಾಗದೆ ನಿಂತಿತ್ತು. ಅದರ ಬಾಜೂಕೆ ಹೊಸ ಬಟ್ಟೆ ಬಾಯಿಬಿಟ್ಟಿತ್ತು. ಪೇಪರು ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದ, ಇನ್ನೂ ಅಲ್ಲೇ ಇತ್ತು.

“ಅರಬಿ ಹರದಿತ್ತರಿ,” ಎಂದ. “ಹೊಲಿಗಿ ಹಂಗ ಇತ್ತು. ಈಗೂ ಹಂಗ ಐತಿ. ಟ್ರಂಕಿನ್ಯಾಗ.”

“ನಾಳೆ ತಂದ ತೋರಸ್ರಿ,” ಎಂದಳು ಬಾಷಾಬಿ. ಕಾಲನ್ನು ಇನ್ನೊಂದಿಷ್ಟು ಮೇಲೆತ್ತಿ, ಬೇರು ದಾಟಿಸಿ, ನೆಲಕ್ಕಿಟ್ಟಳು. “ಐದು.”